ಏಸಿಯ ಬೆನ್ನಿಗೆ ಎರಡು ಮೊಟ್ಟೆ

೧೪ ಮೇ ೧೯೯೭, ಬುಧವಾರ. ಮಿರಜ.

ಏಸಿ ನಿಂತು ಮೂರು ದಿನ. ಮಧ್ಯಾಹ್ನ ಇವರ ಮೈಕಾವು ನೂರಾ ಎರಡೂವರೆ ಡಿಗ್ರಿ. ಇದು ಜ್ವರವಲ್ಲ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಇವರ ಮೈ ಬೆವರುವುದಿಲ್ಲ, ಹೊರಗಿನ ಕಾವೇ ಒಳಗೆ ಏರುತ್ತದೆ. ಅದಕ್ಕೆಂದೇ ಕಿಟಕಿಗೆ ಏಸಿ ಕೂರಿಸಿದ್ದು.

ಮೆಕ್ಯಾನಿಕ್ ಬಂದು ನೋಡಿದ. ಹಿಂಬದಿಯಲ್ಲಿ ಪಾರಿವಾಳ ಗೂಡು ಕಟ್ಟಿದೆ, ಕಡ್ಡಿಗಳು ಫ್ಯಾನಿಗೆ ಸಿಕ್ಕಿವೆ. ಏಸಿ ಹೊರಗೆಳೆದರೆ ಗೂಡು ಮೂರನೆಯ ಮಹಡಿಯಿಂದ ಕೆಳಗೆ. ಎರಡು ಮೊಟ್ಟೆ ಇವೆ.

ಅತ್ತೆ ಕಿಟಕಿಗೆ ಅಡ್ಡ ನಿಂತರು. "ಮರಿ ಹಾರಿ ಹೋಗೋತನಕ ಕೈ ಹಚ್ಚಬ್ಯಾಡ್ರಿ. ಜೀವ ಅದಾವ."

"ಇಲ್ಲೂ ಒಂದು ಜೀವ ಐತ್ರಿ, ಅತ್ತಿ." ಹನ್ನೊಂದು ವರ್ಷದಲ್ಲಿ ನಾನು ಎದುರಾಡಿದ್ದು ಇದೇ ಮೊದಲು.

"ಅಂವನ ಸಲುವಾಗೇ ಹೇಳಾಕತ್ತೇನಿ. ಆ ಪಾಪ ತಿರಿಗಿ ನನ್ನ ಶ್ರೇಣಿಕಗ ಹತ್ತತೈತಿ." ಅವರು ಅಳುತ್ತಿದ್ದರು.

ಮೆಕ್ಯಾನಿಕ್ ಚೀಲ ಎತ್ತಿಕೊಂಡ. "ಮೊದಲ ಏನ್ ಮಾಡೂದಂತ ನಿಮ್ಮೊಳಗ ನಕ್ಕಿ ಮಾಡ್ರಿ, ವಹಿನಿ. ಆಮ್ಯಾಲ ಫೋನ್ ಮಾಡ್ರಿ."

ಒದ್ದೆ ಚಾದರದ ಕೆಳಗಿಂದ ಇವರು, "ಪಾರಿವಾಳಕ್ಕ ಬಾಡಿಗಿ ಹಚ್ಚ. ಏಸಿ ರೂಮ್ ಐತಿ," ಎಂದು ನಕ್ಕರು. ತುಟಿ ಒಡೆದಿದೆ.

ಸಂಜೆ ಓದಿ ಹೇಳಿದ ರಷ್ಯನ್ ಕಾದಂಬರಿಯಲ್ಲಿ ಪುಟಪುಟಕ್ಕೂ ಹಿಮ. ಹಿಮ ಬೀಳುವ ಒಂದು ಪುಟವನ್ನೇ ಮತ್ತೆ ಓದು ಎಂದರು. ಓದುತ್ತಿರುವಾಗ ಕಣ್ಣು ಮುಚ್ಚಿದರು. ಉಸಿರಿದೆಯೇ ಎಂದು ಎರಡು ಸಲ ಬಗ್ಗಿ ನೋಡಿದೆ.

ಬೆಳಿಗ್ಗೆ ಆರೂವರೆಗೆ ಅತ್ತೆ ಬಸದಿಗೆ ಹೋಗುತ್ತಾರೆ. ಆಗ ಮೆಕ್ಯಾನಿಕನನ್ನು ಕರೆಸುತ್ತೇನೆ. ಗೂಡನ್ನು ಅವನು ಮುಟ್ಟುವುದು ಬೇಡ, ನಾನೇ ತೆಗೆಯುತ್ತೇನೆ. ಬುಟ್ಟಿಗೆ ಹತ್ತಿ ಹಾಸಿ ಇಟ್ಟಿದ್ದೇನೆ. ಜಾಗ ಬದಲಾದ ಗೂಡಿಗೆ ಹಕ್ಕಿ ಬಾರದೆಂದೂ ಗೊತ್ತು. ಪಾಪ ಹತ್ತುವುದಾದರೆ ಈ ಕೈಗೇ ಹತ್ತಲಿ. ಅತ್ತೆ ಮರಳಿ ಬಂದಾಗ ಕೋಣೆ ತಣ್ಣಗಿದ್ದರೆ ಸಾಕು.