ಶೇವಂತಿಬಾಯಿಯ ದನಿ, ಅಂದಾನಪ್ಪನ ಬಾಗಿಲು

ಬಿಸಿಲ್‌ಬಂದ್ ಶಕೆ ನೂರಾ ಹನ್ನೆರಡು, ಎರಡನೆಯ ವೈಶಾಖ, ಮೂವತ್ತೊಂಬತ್ತನೆಯ ತಾರೀಖು
ಮೃಗಾಂಕ ಟಾಕೀಸು, ಗದಗ

ಮೃಗಾಂಕ ಟಾಕೀಸಿನ ವ್ಯವಸ್ಥಾಪಕರಾದ ಶ್ರೀ ಅಂದಾನಪ್ಪ ಕರಮುಡಿ ಅವರಿಗೆ,

ಇನ್ನೂರು ವರ್ಷ ಮುಂದಿನಿಂದ ಬರೆಯುತ್ತಿದ್ದೇನೆ. ತಾರೀಖು ತಪ್ಪಿಲ್ಲ, ನಮ್ಮ ಬೇಸಿಗೆಯ ತಿಂಗಳುಗಳೇ ಅಷ್ಟು ಉದ್ದ. ನನ್ನ ಕೆಲವು ಶಬ್ದಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ಈ ಪತ್ರದಲ್ಲಿ ಕ್ಷಮೆ ಎಂಬ ಮಾತು ಬರುವುದು ಇದೊಂದೇ ಸಲ, ಅದೂ ನನ್ನ ಕಡೆಯಿಂದ. ಚೆನ್ನಾಗಿ ನೋಡಿಕೊಳ್ಳಿ, ಮುಂದೆ ಸಿಗುವುದಿಲ್ಲ.

ಹಿಂದಿನ ಕಾಲಕ್ಕೆ ಕಳಿಸುವ ಓಲೆಗೆ ನಾವು ಹಿನ್ನೋಲೆ ಎನ್ನುತ್ತೇವೆ. ಒಂದು ಮನೆತನಕ್ಕೆ ಒಂದೇ ಒಂದು. ಜನ ಅದನ್ನು ಸತ್ತ ಅಜ್ಜನಿಗೆ ಔಷಧದ ಹೆಸರು ತಿಳಿಸಲು ಬಳಸುತ್ತಾರೆ. ಕೆರೆ ಮುಚ್ಚಬೇಡಿ ಎಂದು ಯಾರನ್ನೋ ಬೇಡಿಕೊಳ್ಳಲು ಬಳಸುತ್ತಾರೆ. ಹೊಂಬಳ ಮನೆತನದ ನಲವತ್ತಮೂರು ಮಂದಿ ಒಂದೆಡೆ ಕೂತು, ಕೈ ಎತ್ತಿ, ನಮ್ಮ ಪಾಲಿನದನ್ನು ನಿಮಗೇ ಬರೆಯಬೇಕೆಂದು ತೀರ್ಮಾನಿಸಿದೆವು. ಒಬ್ಬರೂ ಬೇಡವೆನ್ನಲಿಲ್ಲ. ಅಷ್ಟು ಪ್ರೀತಿ ನಿಮ್ಮ ಮೇಲೆ!

ನೆನಪಿದೆಯೇ, ಅಥವಾ ಆಗಲೇ ಮರೆತಿರಾ? ಹನ್ನೆರಡು ದಿನದ ಕೆಳಗಿನ ಮಾತು. ನಿಮ್ಮ ಬೇಸಿಗೆಯ ಉಚಿತ ಚಿತ್ರಮಾಲೆ. ಎಂಟು ಭಾನುವಾರ, ಮಧ್ಯಾಹ್ನ ಮೂರಕ್ಕೆ, ಹಳೆಯ ಕನ್ನಡ ಚಿತ್ರಗಳು. ಹೆಬ್ಬಾಗಿಲಿಗೆ ನೀವೇ ಕಟ್ಟಿಸಿದ ಬಟ್ಟೆಯ ಮೇಲೆ ಮೊರದಷ್ಟು ದೊಡ್ಡ ಅಕ್ಷರ: ಸರ್ವರಿಗೂ ಸ್ವಾಗತ! ಆರನೆಯ ಭಾನುವಾರ ‘ಮಾಯಾಂಬಿಕೆಯ ಶಪಥ’. ಮೂರನೆಯ ಸಾಲಿನಲ್ಲಿ ಎಂಬತ್ತೊಂದು ವರ್ಷದ ಶೇವಂತಿಬಾಯಿ ಹೊಂಬಳ, ಪಕ್ಕದಲ್ಲಿ ಅವಳ ಮಗಳು ಕಸ್ತೂರಿ. ನಾಟಕ ಕಂಪನಿಯ ಪೆಟ್ಟಿಗೆಗಳ ನಡುವೆ ಹುಟ್ಟಿ, ಬಣ್ಣದ ವಾಸನೆಯಲ್ಲಿ ಬೆಳೆದ ಹೆಂಗಸು ಶೇವಂತಿಬಾಯಿ. ಪರದೆಯ ಮೇಲೆ ರಾಣಿ ಮಾಯಾಂಬಿಕೆಯಾಗಿ ಮಿಂಚಿದ ನಟಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಮದರಾಸಿನ ಇಕ್ಕಟ್ಟಾದ ಕೋಣೆಯೊಂದರಲ್ಲಿ ನಿಂತು, ಅವಳ ತುಟಿ ನೋಡುತ್ತ, ಆ ರಾಣಿಗೆ ದನಿ ಕೊಟ್ಟವಳು ನಮ್ಮ ಶೇವಂತಿಬಾಯಿ. ಚಿತ್ರದ ಆರಂಭದಲ್ಲಿ ಬಟ್ಟೆ ಹೊಲಿದವನ ಹೆಸರಿದೆ, ಕುದುರೆ ಕೊಟ್ಟ ಸಾಹುಕಾರನಿಗೆ ಕೃತಜ್ಞತೆ ಇದೆ, ಅವಳ ಹೆಸರಿಲ್ಲ. ಐವತ್ತೈದು ವರ್ಷ ಆ ಚಿತ್ರ ಎಲ್ಲಿಯೂ ಬಂದಿರಲಿಲ್ಲ. ಸಭಾದೃಶ್ಯದ ಆ ಶಪಥವನ್ನು ತುಂಬಿದ ಥೇಟರಿನಲ್ಲಿ ಒಮ್ಮೆ ಕೇಳಬೇಕು ಎಂಬ ಒಂದೇ ಆಸೆ ಹೊತ್ತು ಬಂದಿದ್ದಳು.

ರಾಣಿ ಬಾಯಿ ತೆರೆದಾಗ ಅವಳೂ ತೆರೆದಳು. ತಡೆಯುವುದು ಅವಳ ಕೈಯಲ್ಲಿರಲಿಲ್ಲ. ಆ ತುಟಿ ಅಲುಗಿದರೆ ಈ ಗಂಟಲು ಏಳುತ್ತಿತ್ತು, ಕಸುಬೇ ಅಂಥದು. ಆಗ ತಾವು ಟಾರ್ಚು ಹಿಡಿದು ಪ್ರವೇಶ ಮಾಡಿದಿರಿ. ಆಡಿದ ಮಾತನ್ನೆಲ್ಲ ಕಸ್ತೂರಿ ಬರೆದಿಟ್ಟಿದ್ದಾಳೆ. ನಮ್ಮ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಅದನ್ನೇ ಬಾಯಿಪಾಠ ಮಾಡಿಸುತ್ತೇವೆ. “ಏ ಮುದುಕಿ, ಬಿಟ್ಟಿ ಪಿಚ್ಚರ್ ನೋಡಾಕ ಬಂದು ಡೈಲಾಗ್ ಹೊಡಿತೀಯೇನ? ಬಾಯಿ ಮುಚ್ಚಿ ಕುಂಡ್ರು!” ಎಂದಿರಿ ನೀವು. “ಅದು ನನ್ನ ದನಿ ಐತೋ ತಮ್ಮಾ,” ಎಂದಳು ಅವಳು. “ದನಿ ನಿಂದಾದ್ರ ಮಾರಿ ನಂದೇನು?” ಎಂದಿರಿ. ಇಡೀ ಥೇಟರು ನಕ್ಕಿತು. ನಗು ಬಿದ್ದದ್ದೇ ತಡ, ನಿಮಗೆ ಹುರುಪೇರಿತು. ರಟ್ಟೆ ಹಿಡಿದು ಎಬ್ಬಿಸಿದಿರಿ, ಹೊರಗಿನ ಬಿಸಿಲಿಗೆ ನೂಕಿದಿರಿ, “ಮತ್ತ ಈ ಕಡೆ ಕಾಲಿಟ್ಟೀ ಅಂದ್ರ ನೋಡು!” ಎಂದು ಬಾಗಿಲು ಎಳೆದುಕೊಂಡಿರಿ. ಶಪಥದ ದೃಶ್ಯಕ್ಕೆ ಇನ್ನು ಹತ್ತು ನಿಮಿಷವಿತ್ತು.

ಈಗ ನಮ್ಮ ಕಾಲದ ಸಮಾಚಾರ ಕೇಳಿ. ನಮ್ಮಲ್ಲಿ ಬೇಸಿಗೆಯ ನಾಲ್ಕು ತಿಂಗಳು, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಯಾರೂ ಬಯಲಿಗೆ ಬರುವಂತಿಲ್ಲ. ಇದಕ್ಕೆ ಬಿಸಿಲ್‌ಬಂದ್ ಎಂದು ಹೆಸರು. ಆ ಹೊತ್ತಿನಲ್ಲಿ ಊರಿಗೆ ಆಸರೆ ದಪ್ಪ ಕಲ್ಲುಗೋಡೆಯ ಹಳೆಯ ಕಟ್ಟಡಗಳು, ಅವುಗಳಲ್ಲಿ ಮೊದಲನೆಯದು ನಿಮ್ಮ ಮೃಗಾಂಕ. ಆರುನೂರು ಜನ ಒದ್ದೆ ವಲ್ಲಿ ತಲೆಗೆ ಸುತ್ತಿಕೊಂಡು, ರೊಟ್ಟಿ ಬುತ್ತಿ ಹಿಡಿದು ಬಂದು ಕೂರುತ್ತಾರೆ. ಬಾಲ್ಕನಿ ಆಡುಗಳಿಗೆ, ಅವಕ್ಕೂ ಜೀವವಿದೆಯಲ್ಲ. ನಿಮ್ಮ ಆಫೀಸು ಕೋಣೆಯಲ್ಲಿ ಈ ವರ್ಷ ಮೂರು ಹೆರಿಗೆಗಳಾಗಿವೆ. ಮಧ್ಯಾಹ್ನ ಪೂರ್ತಿ ಚಿತ್ರ ಓಡುತ್ತದೆ, ಪುಕ್ಕಟೆ, ಎಲ್ಲರಿಗೂ. ಯಂತ್ರ ತಿರುಗುವುದು ಕಪ್ಪತಗುಡ್ಡದ ಗಾಳಿಯಿಂದ. ಗಾಳಿ ಬಿದ್ದರೆ ಪರದೆಯ ಮೇಲೆ ಯುದ್ಧದ ಕುದುರೆಗಳು ಎಮ್ಮೆಗಳ ಹಾಗೆ ನಡೆಯುತ್ತವೆ. ನಿಮ್ಮ ಕಾಲದ ಚಿತ್ರಗಳಲ್ಲಿ ಬಿಂಬ ಉಳಿದಿದೆ, ಶಬ್ದ ಸವೆದುಹೋಗಿದೆ. ಹಾಗಾಗಿ ಪರದೆಯ ಕೆಳಗೆ ದನಿಗಾರರು ನಿಂತು ಮಾತು ಹೇಳುತ್ತಾರೆ. ಪಾತ್ರದ ತುಟಿ ಕಂಡು ಮಾತು ಹುಟ್ಟಿಸುವ ಜನಕ್ಕೆ ಊರಿನಲ್ಲಿ ವೈದ್ಯರಿಗಿಂತ ಒಂದು ಕೈ ಹೆಚ್ಚಿನ ಮರ್ಯಾದೆ. ನೀವು ಯಾವುದಕ್ಕೆ ಮುದುಕಿಯನ್ನು ಹೊರಹಾಕಿದಿರೋ ಅದೇ ಇಂದು ನಿಮ್ಮ ಥೇಟರಿನ ಉಸಿರು, ಅಂದಾನಪ್ಪನವರೇ! ನಗಿ, ಈಗ ನಗಿ ನೋಡೋಣ!

ನಿಮ್ಮ ಹೆಸರೂ ಉಳಿದಿದೆ, ಚಿಂತೆ ಬೇಡ. ಭಾಷೆಯೊಳಗೇ ಉಳಿದಿದೆ. ಅಂದಾನಿಸು ಎಂದು ನಮ್ಮಲ್ಲೊಂದು ಕ್ರಿಯಾಪದವಿದೆ. ನೆರಳಿನಲ್ಲಿ ಕೂತ ಜೀವವನ್ನು ಬಿಸಿಲಿಗೆ ನೂಕುವುದು ಎಂದು ಅದರ ಅರ್ಥ. ಕಾನೂನಿನಲ್ಲಿ ಅದಕ್ಕೆ ಕೊಲೆಯ ಶಿಕ್ಷೆಯೇ. ಮನೆಮನೆಯಲ್ಲಿ ಚಿಲ್ಲರೆ ಬಳಕೆಯೂ ಉಂಟು: “ಯವ್ವಾ, ಅಕ್ಕ ನನ್ನ ಆಟದಾಗಿಂದ ಅಂದಾನಿಸಿದ್ಲು!” “ಆ ಬೆಕ್ಕಿಗೆ ಅಂದಾನಿಸಬ್ಯಾಡ್ರೇ, ಮರಿ ಹಾಕೇತಿ.” ನಿಮ್ಮ ವಂಶದವರು ನೂರು ವರ್ಷದ ಹಿಂದೆಯೇ ಅಡ್ಡಹೆಸರು ಬದಲಿಸಿಕೊಂಡು ಊರು ಬಿಟ್ಟರು. ಎಲ್ಲಿದ್ದಾರೋ, ನಾವು ಹುಡುಕಿಲ್ಲ. ನಮಗೆ ಬೇಕಾದವರು ನೀವು.

ಇನ್ನು ನನ್ನ ಪರಿಚಯ. ಬೇಸಿಗೆ ಚಿತ್ರಮಾಲೆಯ ಮೊದಲ ದಿನ, ಚಿತ್ರಕ್ಕೆ ಮುಂಚೆ, ಅರ್ಧ ಗಂಟೆಯ ನಾಟಕವಾಡುತ್ತೇವೆ. ಅದರಲ್ಲಿ ಅಂದಾನಪ್ಪನ ಪಾತ್ರ ನನ್ನದು. ಹೆಣ್ಣಾದರೂ ಹನ್ನೊಂದು ವರ್ಷದಿಂದ ನಾನೇ ನೀವು! ನಿಮ್ಮ ಫೋಟೊ ಯಾರ ಬಳಿಯೂ ಇಲ್ಲ. ಆದ್ದರಿಂದ ನಮಗೆ ಬೇಕಾದ ಹಾಗೆ ಮಾಡಿಕೊಂಡಿದ್ದೇವೆ. ಬದನೆಕಾಯಿಯಂಥ ಮೂಗು ಕೊಟ್ಟಿದ್ದೇವೆ, ಬಾತುಕೋಳಿಯ ನಡಿಗೆ ಕೊಟ್ಟಿದ್ದೇವೆ. ನಿಮಗೆ ತೊದಲು ಇತ್ತೋ ಇಲ್ಲವೋ ಗೊತ್ತಿಲ್ಲ. ಹೋದ ವರ್ಷದಿಂದ ಅದನ್ನೂ ಸೇರಿಸಿದೆ, ಒಳ್ಳೆಯ ಚಪ್ಪಾಳೆ ಬಂತು. ನಾನು ಟಾರ್ಚು ಹೊತ್ತಿಸಿದರೆ ಸಾಕು, ಆರುನೂರು ಗಂಟಲು ಒಟ್ಟಿಗೆ ಮೊಳಗುತ್ತವೆ. “ಏ ಕರಮುಡಿ, ಆ ಟಾರ್ಚ್ ನಿನ್ನ ಮೂಗಿನಾಗ ಹಾಕ್ಕೋ!” “ನಿನ್ನ ಹೇಣ್ತಿ ನಿನ್ನ ಕೂಡ ಹೆಂಗ ಬಾಳೇ ಮಾಡಿದ್ಲೋ ಮಾರಾಯಾ!” ಆ ಕೂಗು ನನಗೆ ಅಮೃತ. ಅದಕ್ಕಾಗಿಯೇ ನಾನು ವರ್ಷವಿಡೀ ಕಾಯುತ್ತೇನೆ.

ಈ ಶುಕ್ರವಾರ ಪತ್ರ ನಿಮ್ಮ ಕೈ ಸೇರುತ್ತದೆ. ಜನರ ಒತ್ತಾಯದ ಮೇರೆಗೆ, ಬರುವ ಭಾನುವಾರ, ಅಂದರೆ ಕೊನೆಯ ಭಾನುವಾರ, ಅದೇ ‘ಮಾಯಾಂಬಿಕೆಯ ಶಪಥ’ವನ್ನು ಮತ್ತೊಮ್ಮೆ ಹಾಕುತ್ತಿದ್ದೀರಿ. ಅವಳು ಮತ್ತೆ ಬರುತ್ತಾಳೆ. ನಮ್ಮ ಇತಿಹಾಸದಲ್ಲಿ ನೀವು ಹೆಬ್ಬಾಗಿಲಲ್ಲೇ ಕೈ ಅಡ್ಡ ಹಿಡಿದಿರಿ. “ನಡಿಯವ್ವಾ, ಮನಿಗೆ ಹೋಗೂನು,” ಎಂದಳು ಕಸ್ತೂರಿ. “ನೀ ಹೋಗು. ಗ್ವಾಡಿಗೆ ಕಿವಿ ಹಚ್ಚಿದ್ರ ಕೇಳಸ್ತೈತಿ,” ಎಂದಳು ಶೇವಂತಿಬಾಯಿ. ಪಶ್ಚಿಮದ ಗೋಡೆಗೆ ಕಿವಿಯೊತ್ತಿ, ನಾಲ್ಕರ ಬಿಸಿಲಿನಲ್ಲಿ ನಿಂತಳು. ಗೋಡೆ ದಪ್ಪ, ಏನೂ ಕೇಳಿಸಲಿಲ್ಲ. ಶಪಥದ ಹೊತ್ತಿಗೆ ಕುಸಿದು ಬಿದ್ದಳು. ಗುರುವಾರ ತೀರಿಕೊಂಡಳು.

ಹಿನ್ನೋಲೆಗೆ ಒಂದು ಕಟ್ಟಳೆಯಿದೆ: ಬೈದವರು ದಾರಿಯನ್ನೂ ತೋರಿಸಬೇಕು. ನನಗೆ ಮನಸ್ಸಿಲ್ಲ. ನೀವು ಆ ಬಾಗಿಲು ಬಿಟ್ಟುಕೊಟ್ಟರೆ ನಮ್ಮ ನಾಟಕವಿಲ್ಲ, ಆ ಕೂಗಿಲ್ಲ, ನಾನು ಯಾರೋ ಏನೋ. ಸತ್ಯ ಹೇಳುತ್ತೇನೆ, ಈ ಸಾಲು ಬರೆಯುವಾಗ ಕೈ ಎರಡು ಸಲ ನಿಂತಿತು. ಆದರೆ ನಲವತ್ತಮೂರು ಮಂದಿ ಕೈ ಎತ್ತಿದ್ದು ನನ್ನ ಚಪ್ಪಾಳೆಗಲ್ಲ, ಅವಳಿಗಾಗಿ. ಹೀಗಾಗಿ ಕೇಳಿಸಿಕೊಳ್ಳಿ. ಭಾನುವಾರ ಅವಳನ್ನು ಒಳಗೆ ಬಿಡಿ. ಹೂವು ಬೇಡ, ಶಾಲು ಬೇಡ, ಮೈಕು ಹಿಡಿದು ನಾಲ್ಕು ಮಾತು ಬೇಡ. ನಿಮ್ಮ ಬಾಯಿಂದ ಅವಳ ಹೆಸರು ಬರುವುದೇ ಬೇಡ. ಎರಡು ಮೆಟ್ಟಿಲಿವೆ, ಅವಳ ಎಡಗಣ್ಣಿಗೆ ಕಾಣಿಸುವುದಿಲ್ಲ, ಅಲ್ಲಿ ಯಾರನ್ನಾದರೂ ನಿಲ್ಲಿಸಿ. ಅಷ್ಟು ಮಾಡಿದರೆ ಇನ್ನೂರು ವರ್ಷದಲ್ಲಿ ನಿಮ್ಮನ್ನು ಯಾರೂ ನೆನೆಯುವುದಿಲ್ಲ. ನಾವು ಕೊಡಬಹುದಾದ ಉಡುಗೊರೆ ಅದೊಂದೇ.

ನೀವು ಹಿಂದಿನ ಸಾಲಿನ ಕುರ್ಚಿಯಲ್ಲಿರುತ್ತೀರಿ. ಸಭಾದೃಶ್ಯ ಬರುತ್ತದೆ. ಶೇವಂತಿಬಾಯಿ ಎದ್ದು ನಿಲ್ಲುತ್ತಾಳೆ. ಕೂತು ಹೇಳುವ ಮಾತಲ್ಲ ಅದು. “ಈ ಸಿಂಹಾಸನದ ಕಾಲು ಮುರಿದು ಒಲೆಗಿಡದಿದ್ದರೆ ನಾನು ಮಾಯಾಂಬಿಕೆಯಲ್ಲ!” ಎರಡು ದನಿ ಒಟ್ಟಿಗೆ ಹೊರಡುತ್ತವೆ, ಇಪ್ಪತ್ತಾರು ವರ್ಷದ್ದೊಂದು, ಎಂಬತ್ತೊಂದು ವರ್ಷದ್ದೊಂದು. ಯಾರೋ ಒಬ್ಬ “ಏ ಅಜ್ಜೀ, ಕುಂಡ್ರಬೇ!” ಎಂದು ಕೂಗುತ್ತಾನೆ. ಆಗ ನಿಮ್ಮ ಕಾಲು ತಾನಾಗಿ ಏಳಲು ನೋಡುತ್ತದೆ.

ಕೂತಿರಿ, ಅಂದಾನಪ್ಪನವರೇ. ಅವಳ ಮಾತು ಮುಗಿಯುವ ತನಕ ಕೂತೇ ಇರಿ.

ಮೈನಾಬಾಯಿ ಹೊಂಬಳ
ಶೇವಂತಿಬಾಯಿಯ ಏಳನೆಯ ತಲೆ