ಸೋಮವಾರದ ಸಮೀಕ್ಷೆಯೂ ಏಳು ಗಂಟೆಯ ಬಸ್ಸೂ

ಬಸ್ಸುಗಳ ಸಮಯ ನಿಗದಿ ಮಾಡುವ ಮಾನ್ಯ ಅಧಿಕಾರಿಗಳೇ,

ಕುಂದಾಪುರದಿಂದ ವಂಡ್ಸೆ ದಾರಿಯಾಗಿ ಕೊಲ್ಲೂರಿಗೆ ಹೋಗುತ್ತಿದ್ದ ಬೆಳಗಿನ ಏಳರ ಬಸ್ಸನ್ನು ತಾವು ರದ್ದು ಮಾಡಿದ್ದೀರಿ. ಕಾರಣ, ಸಾರ್ವಜನಿಕ ಅಭಿಪ್ರಾಯ ಸಮೀಕ್ಷೆ. ಮುನ್ನೂರು ಮಂದಿಯಲ್ಲಿ ಶೇಕಡಾ ತೊಂಬತ್ತೆರಡು ಮಂದಿ ಒಂಬತ್ತೂವರೆಯ ಬಸ್ಸೇ ಸಾಕೆಂದರಂತೆ. ಭೇಷ್! ಆ ಮುನ್ನೂರು ಮಂದಿ ಯಾರೆಂದು ವಿಚಾರಿಸಿದೆ. ಎಲ್ಲರೂ ಕೊಲ್ಲೂರಿನ ಲಾಡ್ಜುಗಳಲ್ಲಿ ಇಳಿದುಕೊಂಡಿದ್ದ ಯಾತ್ರಿಕರು. ದೇವಿಯ ದರ್ಶನ ಮುಗಿಸಿ ಮರುದಿನ ತಮ್ಮೂರಿಗೆ ಹೊರಡುವವರಿಗೆ ವಂಡ್ಸೆಯ ಬೆಳಗಿನ ಗೊಡವೆ ಏಕೆ ಸ್ವಾಮಿ?

ಇಷ್ಟು ಸಾಲದೆಂದು ತಮ್ಮ ಸಿಬ್ಬಂದಿ ಆ ಏಳರ ಬಸ್ಸನ್ನೂ ಒಂದು ದಿನ ಹತ್ತಿ ನೋಡಿದರು, ಖಾಲಿ ಓಡುತ್ತಿದೆ ಎಂದು ಬರೆದರು. ಹತ್ತಿದ್ದು ಸೋಮವಾರ! ಸೋಮವಾರ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೀನು ಬೇಯಿಸುವುದಿಲ್ಲ. ಹಾಗಾಗಿ ಮೀನು ಮಾರುವ ಹೆಂಗಸರೂ ಅಂದು ಬುಟ್ಟಿ ಎತ್ತುವುದಿಲ್ಲ. ಇದು ಇಲ್ಲಿನ ಬೆಕ್ಕುಗಳಿಗೂ ಗೊತ್ತು, ತಮ್ಮ ಕಚೇರಿಗೆ ಗೊತ್ತಿಲ್ಲ.

ನಾನು ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು. ಸ್ತರೀಕೃತ ಮಾದರಿ ಎಂದರೇನೆಂದು ಮಕ್ಕಳಿಗೆ ತಿಳಿಸಲು ಒದ್ದಾಡುತ್ತಿದ್ದೆ. ನನ್ನ ಹೆಂಡತಿಯೋ, ಮೀನು ಮಾರುವ ಬಾಗಿ ನಮ್ಮ ಮನೆ ಬಾಗಿಲಲ್ಲಿ ಬುಟ್ಟಿ ಇಳಿಸಿದಾಗಲೆಲ್ಲ ಅದನ್ನೇ ಮಾಡುತ್ತಿದ್ದಳು. ಮೇಲಿದ್ದ ಬಂಗುಡೆ ಎರಡು, ನಡುವಿನ ಬೈಗೆ ಮೀನು ಎರಡು, ಅಡಿಯ ಚಟ್ಲಿ, ಅಂದರೆ ಸಿಗಡಿಯಲ್ಲೂ ಒಂದು ಹಿಡಿ ಎತ್ತಿ ನೋಡಿದ ಮೇಲೆಯೇ ಬುಟ್ಟಿಯ ಬಗ್ಗೆ ತೀರ್ಮಾನ. ಜನರನ್ನೂ ಹಾಗೆಯೇ ಮೀನಿನವರು, ಕೃಷಿಕರು, ವಿದ್ಯಾರ್ಥಿಗಳು, ಯಾತ್ರಿಕರು ಎಂದು ವಿಂಗಡಿಸಿ, ಪ್ರತಿ ಗುಂಪಿನಿಂದ ಅದರ ಪ್ರಮಾಣಕ್ಕೆ ತಕ್ಕಷ್ಟು ಮಂದಿಯನ್ನು ಕೇಳಬೇಕು. ಅಷ್ಟೇ ಮಾರಾಯ್ರೆ!

ಬಾಗಿ ಇಪ್ಪತ್ತೆರಡು ವರ್ಷ ಅದೇ ಏಳರ ಬಸ್ಸಿನಲ್ಲಿ ಕುಂದಾಪುರದಿಂದ ಇಲ್ಲಿಗೆ ಮೀನು ತಂದವಳು. ಒಂಬತ್ತೂವರೆಯ ಬಸ್ಸಿನಲ್ಲಿ ಯಾತ್ರಿಕರ ನೂಕುನುಗ್ಗಲು, ಬುಟ್ಟಿಗೆ ಜಾಗವಿಲ್ಲ. ಸಿಕ್ಕಿದರೂ ಅವಳು ತಲುಪುವಷ್ಟರಲ್ಲಿ ಇಲ್ಲಿ ಸಾಂಬಾರು ಕುದಿದಿರುತ್ತದೆ. ಅವಳ ಖಾಯಂ ಮನೆಗಳು ಒಂದೊಂದಾಗಿ ಬೈಕಿನಲ್ಲಿ ಮೀನು ತರುವವನ ಕಡೆ ತಿರುಗುತ್ತಿವೆ. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ಆದ್ದರಿಂದ ಏಳರ ಬಸ್ಸನ್ನು ಮೊದಲು ಓಡಿಸಿ. ಆಮೇಲೆ ಬುಧವಾರ ಬಂದು ಸಮೀಕ್ಷೆ ಮಾಡಿ, ಬರೆದುಕೊಳ್ಳಲು ಹಾಳೆ ಜಾಸ್ತಿಯೇ ತನ್ನಿ. ಏಕೆಂದರೆ ಮೊನ್ನೆ ಕುಂದಾಪುರದಲ್ಲಿ ಸಿಕ್ಕ ಬಾಗಿಗೆ, ನಿನ್ನ ಪರವಾಗಿ ಪತ್ರ ಬರೆಯುತ್ತೇನೆ ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಹ್ವಾಯ್ ಮಾಷ್ಟ್ರೇ, ನನ್ ಪರವಾಗಿ ನೀವ್ ಎಂತಕ್ಕೆ? ಅವ್ರ್ ಬಂದ್ ಕೇಂಡ್ರೆ ನಾನೇ ಹೇಳ್ತೆ. ನಂಗೆಂತ ಬಾಯಿ ಇಲ್ಯಾ?”

ಇಂತಿ,
ಬೈಕಿನವನಿಂದ ಕೊಳ್ಳಲು ಮನಸ್ಸಾಗದೆ
ಹದಿನೇಳು ದಿನದಿಂದ ಬದನೆಕಾಯಿ ಹುಳಿ ಉಣ್ಣುತ್ತಿರುವ
ನಿವೃತ್ತ ಮಾಷ್ಟ್ರು, ವಂಡ್ಸೆ