ತಮ್ಮ ತೋರಿಸಿದ ಜಾಗ

ಸಾನಿಕಿಲುವಾಕ್
ಜೂನ್ 9

ತಮ್ಮಾ ಪುಟುಲಿಕ್,

ಆರೋಗ್ಯವಾಗಿದ್ದೀಯಾ? ಹಡಗಿನಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರಾ? ನಾನು ಕೇಳಬಾರದೆಂದಿದ್ದೆ, ಮೊದಲು ಅದನ್ನೇ ಬರಿ ಎಂದು ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ. ಫೋನಿನಲ್ಲಿ ನನ್ನ ದನಿ ಏರಿದ ಕೂಡಲೇ ಕಟ್ ಮಾಡುತ್ತೀಯ. ಪತ್ರವನ್ನಾದರೂ ಕೊನೆತನಕ ಓದು.

ಹೋದ ವಾರ ಅಮ್ಮನೂ ನಾನೂ ಕಡಲ ಮೇಲಿನ ಹಿಮದ ಅಂಚಿಗೆ ಹೋಗಿದ್ದೆವು. ಅದೇ, ಸೆಳವಿನ ದೆಸೆಯಿಂದ ಚಳಿಗಾಲದಲ್ಲೂ ಹೆಪ್ಪುಗಟ್ಟದ ಜಾಗಕ್ಕೆ. ಅಮ್ಮ ಉದ್ದ ಕೋಲಿನ ಬಲೆ ಇಳಿಸಿದಳು. ಬಂದದ್ದು ಕೆಸರು, ಒಡೆದ ಚಿಪ್ಪು. ಮತ್ತೆ ಇಳಿಸಿದಳು, ಮತ್ತೆ ಕೆಸರು. ಬಗ್ಗಿ ನೋಡಿದರೆ ಮೆತ್ತನೆ ಮೈಯ ಕಡಲಸೌತೆಗಳು ಒತ್ತೊತ್ತಾಗಿ ಕೂರುತ್ತಿದ್ದ ಬಂಡೆಗಳೇ ಮಗುಚಿ ಬಿದ್ದಿವೆ. ಹೋದ ಶರತ್ಕಾಲದಲ್ಲಿ ನಿಮ್ಮ ಹಡಗು ಕಬ್ಬಿಣದ ಬಲೆ ಎಳೆದ ಗುರುತು ಕಡಲ ತಳದುದ್ದಕ್ಕೂ ಇದೆ. ನೆನಪಿದೆಯೇನೋ? ನೀರು ಹಸಿರಾಗುವ ಕಾಲಕ್ಕೆ ಅವು ಪೊದೆಯಂಥ ಹತ್ತು ಕೈ ಚಾಚಿ, ಸಿಕ್ಕಿದ್ದನ್ನು ಒಂದೊಂದೇ ಕೈಯಿಂದ ಬಾಯಿಗಿಟ್ಟು ಚೀಪುತ್ತಿದ್ದವು. "ನೋಡೇ, ನಿನ್ ತಮ್ಮ ಸೀಲಿನ ಕೊಬ್ಬು ತಿನ್ನೋ ಹಾಗೇ ತಿಂತಾವೆ" ಎಂದು ಅಮ್ಮ ನಗುತ್ತಿದ್ದಳು. ಮೊನ್ನೆ ನಗಲಿಲ್ಲ, ಬೈಯಲೂ ಇಲ್ಲ. ಆ ಜಾಗವನ್ನು ನಿನಗೆ ತೋರಿಸಿಕೊಟ್ಟವಳು ಅವಳೇ.

ಊರಿನ ಸಭೆಯಲ್ಲಿ ಲುಕಾಸಿ ಮಾವ, "ಯಾವನೋ ನಮ್ಮೋನೇ ಹಡಗಿಗೆ ದಾರಿ ತೋರ್ಸಿದಾನೆ!" ಎಂದು ಗುಡುಗಿದ. ಎಲ್ಲರೂ ನೆಲ ನೋಡಿದರು. ನಾನೇ ಎದ್ದು, "ನನ್ ತಮ್ಮ" ಎಂದೆ.

"ಹುಳ ಅಲ್ವೇನಕ್ಕಾ, ಮತ್ತೆ ತುಂಬ್ಕೊಳ್ತಾವೆ" ಎಂದು ಫೋನಿನಲ್ಲಿ ಹೇಳಿದೆಯಲ್ಲ, ಮೂರ್ಖ! ಈ ಚಳಿನೀರಿನಲ್ಲಿ ಬೆರಳುದ್ದ ಬೆಳೆಯುವುದಕ್ಕೇ ವರ್ಷಗಳು ಬೇಕು. ಗಂಡು ಹೆಣ್ಣು ಹತ್ತಿರ ಹತ್ತಿರ ಕೂತಿದ್ದರೆ ತಾನೆ ನೀರಿನಲ್ಲಿ ಮೊಟ್ಟೆ ಫಲಿಸುವುದು? ಅಲ್ಲೊಂದು ಇಲ್ಲೊಂದು ಉಳಿದರೆ ಯಾವುದು ಯಾವುದನ್ನು ಕೂಡೀತು? ಮರಿ ಹುಟ್ಟಿದರೂ ಕಚ್ಚಿ ಕೂರಲು ಕಲ್ಲಿನ ನೆರಳೆಲ್ಲಿ? ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಮಾಡಿದೆ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ನಿನ್ನ ಅಕ್ಕ,
ಸಿಯಾಸಿ

ತಾ.ಕ.: ಟಪಾಲಿನ ವಿಮಾನ ಬಂದಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆಗಸ್ಟಿನಲ್ಲಿ ನಿಮ್ಮ ಹಡಗು ಪೂರ್ವದ ಕೊಲ್ಲಿಗೂ ಬರುತ್ತದಂತೆ. ಊರಿನ ದೋಣಿಗಳೆಲ್ಲ ಅದಕ್ಕೆ ಅಡ್ಡ ನಿಲ್ಲಲಿವೆ. ಎಲ್ಲಕ್ಕಿಂತ ಮುಂದಿನ ದೋಣಿಯಲ್ಲಿ ಅಮ್ಮ ಕೂರುತ್ತಾಳೆ, ಬೇಡವೆಂದರೆ ಕೇಳುತ್ತಿಲ್ಲ. "ನನ್ ಮುಖ ಕಂಡ್ರೆ ಅವ್ನು ಬಲೆ ಇಳ್ಸಲ್ಲ" ಅನ್ನುತ್ತಾಳೆ. ನನಗೆ ಆ ನಂಬಿಕೆಯಿಲ್ಲ. ಅದಕ್ಕೆ ಮೊದಲೇ ಹಡಗಿಳಿದು ಬಾ. ಅವಳ ದೋಣಿ ನಡೆಸಲು ಆಳಿಲ್ಲ.